ಬಾಸ್ ‘ಉಂ’ ಅಂದರೆ ನಾನು ‘ಪ’

ನೌಕಾಪಡೆಯ ಬ್ಯಾಂಡ್‌ನಲ್ಲಿ ಏನು ನುಡಿಸುತ್ತಿದ್ದಿರಿ ಅಂತ ಯಾರಾದರೂ ಕೇಳಿದರೆ ನನಗೆ ಸ್ವಲ್ಪ ಮುಜುಗರ. ನನ್ನದು ಫ್ರೆಂಚ್ ಹಾರ್ನ್, ಸುರುಳಿ ಸುತ್ತಿದ ಹಿತ್ತಾಳೆ ವಾದ್ಯ. ಹೆಜ್ಜೆ ಹಾಕುವುದಕ್ಕೆ ನುಡಿಸುವ ಮಾರ್ಚ್‌ಗಳಲ್ಲಿ ಹಾರ್ನ್‌ಗೆ ರಾಗ ಸಿಗುವುದು ಅಪರೂಪ. ಬಾಸ್ ಅಂದರೆ ತಗ್ಗು ದನಿಯ ದೊಡ್ಡ ಹಿತ್ತಾಳೆ ವಾದ್ಯ; ಅದನ್ನು ಊದುವವನು ‘ಉಂ’ ಅಂತಾನೆ, ಅದರ ಬೆನ್ನಿಗೇ ನಾವು ‘ಪ’ ಅನ್ನಬೇಕು. ಉಂ-ಪ, ಉಂ-ಪ. ಕ್ಲಾರಿನೆಟ್, ಟ್ರಂಪೆಟ್‌ನವರು ಮೇಲೆ ಮೆರೆಯುತ್ತಿರುತ್ತಾರೆ. ಬಾಸ್‌ಗಿಂತ ಚಿಕ್ಕ ಹಿತ್ತಾಳೆ ವಾದ್ಯ ಯುಫೋನಿಯಂ ನಡುವೆ ತನ್ನದೇ ಒಂದು ಎಳೆ ಹಿಡಿದು ಹೋಗುತ್ತದೆ. ನಮಗೆ ಬರೀ ‘ಪ’. ಮುಂಬೈಯ ಕೊಲಾಬಾದ ಕ್ವಾರ್ಟರ್ಸ್‌ನಲ್ಲಿ ನಾನು ಬಾಯಲ್ಲೇ ಪ್ರಾಕ್ಟೀಸ್ ಮಾಡುವಾಗ ಹೆಂಡತಿ ಅನ್ನುತ್ತಿದ್ದಳು, “ಏನ್ರೀ ಇದು, ಬಿಕ್ಕಳಿಕೆ ಹಿಡಿದೋರ ಥರ!”

ಕಳೆದ ಚಳಿಗಾಲದಲ್ಲಿ ನಾವು ಹಳಬರೆಲ್ಲ ಕಾರವಾರದಲ್ಲಿ ಸೇರಿದೆವು. ನಾನು ಕುಮಟಾದವನು, ಹಾಗಾಗಿ ರೂಮು ಹಿಡಿಯುವುದು, ಊಟಕ್ಕೆ ಹೇಳುವುದು ಎಲ್ಲ ನನ್ನ ತಲೆ ಮೇಲೆ ಬಿತ್ತು. ಕೇರಳದವರು, ಮುಂಬೈಯವರು ಕೊಂಕಣ ರೈಲಿನಲ್ಲಿ ಬಂದರು. ಗೋವಾದವರು ಒಂದು ಪಿಕಪ್‌ನಲ್ಲಿ ವಾದ್ಯಗಳನ್ನು ಹೇರಿಕೊಂಡು ಕಾಳಿ ನದಿ ದಾಟಿ ಬಂದರು. ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದು ನದಿಗೆ ಬಿದ್ದಿದೆಯಲ್ಲ, ಅದರ ಬಗ್ಗೆಯೇ ಅವರದು ಅರ್ಧ ಗಂಟೆ ಮಾತು.

ವಾದ್ಯ ತಂದಿದ್ದಕ್ಕೆ ಕಾರಣ ಇದೆ. ಸರ್ವಿಸ್‌ನಲ್ಲಿ ನುಡಿಸುವ ವಾದ್ಯ ಸರ್ಕಾರದ್ದು. ನಿವೃತ್ತಿಯ ದಿನ ಸ್ಟೋರ್‌ಗೆ ಒಪ್ಪಿಸಿ, ಸಹಿ ಹಾಕಿ, ಬರಿಗೈಲಿ ಮನೆಗೆ ಹೋಗಬೇಕು. ಹಾರ್ನ್ ಅಗ್ಗದ ವಸ್ತುವೂ ಅಲ್ಲ, ಪಿಂಚಣಿಯಲ್ಲಿ ಕೊಂಡು ಮನೆಯಲ್ಲಿಡುವುದಕ್ಕೆ. ಗೋವಾದವರ ಪುಣ್ಯ, ಅಲ್ಲಿ ಹಬ್ಬಕ್ಕೂ ಬ್ಯಾಂಡ್ ಬೇಕು, ಶವಯಾತ್ರೆಗೂ ಬ್ಯಾಂಡ್ ಬೇಕು. ನಮ್ಮ ಯುಫೋನಿಯಂ ಈಗ ತನ್ನ ಊರಿನ ಬ್ಯಾಂಡ್ ನೋಡಿಕೊಳ್ಳುತ್ತಾನೆ.

ಯುಫೋನಿಯಂ ಅಂದರೆ ಮನುಷ್ಯ. ನಮ್ಮಲ್ಲಿ ಹೆಸರಿಗಿಂತ ವಾದ್ಯವೇ ಜಾಸ್ತಿ ನಡೆಯುತ್ತಿತ್ತು. ಕಾರವಾರ ಸ್ಟೇಷನ್ನಿನಲ್ಲಿ “ಅರೇ ಹಾರ್ನ್!” ಅಂತ ಒಬ್ಬ ಕೂಗಿದಾಗ ಪ್ಲಾಟ್‌ಫಾರ್ಮಿನವರೆಲ್ಲ ಯಾವ ಗಾಡಿ ಬಂತು ಅಂತ ತಿರುಗಿ ನೋಡಿದರು.

ಟಾಗೋರ್ ಬೀಚಿನಲ್ಲಿ ಮ್ಯೂಸಿಯಂ ಮಾಡಿ ನಿಲ್ಲಿಸಿರುವ ಕ್ಷಿಪಣಿ ಬೋಟ್ ‘ಚಪಲ್’ ಮುಂದೆ ಫೋಟೋ ಆಯಿತು. ಆಮೇಲೆ ನೆರಳಿನಲ್ಲಿ ಕೂತು ಹಳೇ ಕಥೆ. ಜೊತೆಗೆ ಬಂದಿದ್ದ ಕ್ಲಾರಿನೆಟ್‌ನ ಅಳಿಯ, ಪಾಪ, ಬಹಳ ಆಸೆಯಿಂದ ಕೇಳಿದ, “ಅಂಕಲ್, ವಿಜಯ್ ಚೌಕ್‌ನಲ್ಲಿ ಬೀಟಿಂಗ್ ರಿಟ್ರೀಟ್ ಎದುರಿಗೇ ನೋಡಿದ್ದೀರಲ್ವಾ, ಹೇಗಿರತ್ತೆ?”

ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಗಣರಾಜ್ಯೋತ್ಸವಕ್ಕೆ ತೆರೆ ಎಳೆಯುವ ಆ ಬ್ಯಾಂಡ್ ಕಾರ್ಯಕ್ರಮದಲ್ಲಿ, ಜನವರಿ 29ರ ಸಂಜೆ, ದೆಹಲಿಯ ರೈಸಿನಾ ಹಿಲ್‌ನಿಂದ ನುಡಿಸುತ್ತಾ ಇಳಿದು ಬಂದವರು ನಾವು. ಮೇಲೆ ಸಾಲಾಗಿ ಒಂಟೆಗಳು ನಿಂತಿರುತ್ತವಂತೆ, ರಾಷ್ಟ್ರಪತಿ ಭವನಕ್ಕೆ ಒಮ್ಮೆಲೇ ದೀಪ ಹತ್ತುತ್ತದಂತೆ. ನಾನು ಇದನ್ನೆಲ್ಲ ನೋಡಿದ್ದು ಟೀವಿಯಲ್ಲಿ. ಅಲ್ಲಿ ಕಂಡದ್ದು ಮುಂದಿನವನ ಕಾಲರ್. ಒಂದು ಕಣ್ಣು ವಾದ್ಯಕ್ಕೆ ಸಿಕ್ಕಿಸಿದ ಪುಟ್ಟ ಕಾರ್ಡಿನ ಮೇಲೆ, ಇನ್ನೊಂದು ಸಾಲು ನೆಟ್ಟಗಿದೆಯಾ ಅಂತ ಪಕ್ಕಕ್ಕೆ.

ಆದರೆ ಚಳಿ ಎಲ್ಲರಿಗೂ ನೆನಪಿದೆ. ದೆಹಲಿಯ ಚಳಿಗೆ ಹಿತ್ತಾಳೆ ತಣ್ಣಗಾದರೆ ಶ್ರುತಿ ಇಳಿದುಬಿಡುತ್ತದೆ, ತುಟಿಗಿಟ್ಟರೆ ಜೀವ ಹೋಗುತ್ತದೆ. ಹಾಗಾಗಿ ನಮ್ಮ ಸರದಿ ಬರುವ ತನಕ ಮೌತ್‌ಪೀಸ್ ಕಳಚಿ ಮುಷ್ಟಿಯೊಳಗೆ ಬೆಚ್ಚಗೆ ಹಿಡಿದುಕೊಳ್ಳುವುದು. ಇದನ್ನು ಹೇಳುತ್ತಿದ್ದ ಹಾಗೇ ಬಾಸ್‌ನ ಬಲಗೈ ತಾನಾಗಿ ಮುಚ್ಚಿಕೊಂಡಿತು. ಅವನ ಮೌತ್‌ಪೀಸ್ ದೊಡ್ಡದು, ಮುಷ್ಟಿಯೂ ಅಷ್ಟು ಅಗಲಕ್ಕೇ ನಿಂತಿತು.

2016ರ ವಿಶಾಖಪಟ್ಟಣದ ಫ್ಲೀಟ್ ರಿವ್ಯೂ, ಅಂದರೆ ರಾಷ್ಟ್ರಪತಿಗಳು ಯುದ್ಧನೌಕೆಗಳ ಸಾಲನ್ನು ವೀಕ್ಷಿಸುವ ಸಮಾರಂಭ, ಅದರ ಕಥೆಯೂ ಇಷ್ಟೇ. ಸುಮಾರು 50 ದೇಶಗಳ ನೌಕಾಪಡೆಗಳು ಸೇರಿದ್ದ ಜಾಗ. ಅಲ್ಲಿದ್ದ ಕ್ಲಾರಿನೆಟ್‌ಗೆ ನೆನಪಿರುವುದು ಸೀಳಿದ ತನ್ನ ರೀಡ್, ಊದುವ ತುದಿಯ ಆ ತೆಳು ಪಟ್ಟಿ, ಒಂದೇ. ರಾಷ್ಟ್ರಪತಿಗಳಿದ್ದರು ಅಲ್ವಾ ಅಂದರೆ, “ಇದ್ದಿರಬೇಕು, ರಾಷ್ಟ್ರಗೀತೆ ನುಡಿಸಿದ ನೆನಪಿದೆ” ಅಂದ.

ಜಗಳವೂ ಆಯಿತು. ಬೀಟಿಂಗ್ ರಿಟ್ರೀಟ್‌ನಿಂದ 2022ರಲ್ಲಿ ‘ಅಬೈಡ್ ವಿತ್ ಮಿ’ ಕೈಬಿಟ್ಟರಲ್ಲ, ಅದು ಸರಿಯೋ ತಪ್ಪೋ ಅಂತ. ಅದು ಇಂಗ್ಲಿಷರ ಪ್ರಾರ್ಥನೆ, ನಮ್ಮದು ನುಡಿಸಲಿ ಅಂತ ಕೆಲವರು. ಗಾಂಧೀಜಿಗೆ ಇಷ್ಟವಾಗಿದ್ದು, ಇರಬೇಕಿತ್ತು ಅಂತ ಕೆಲವರು. ಟೀವಿಯಲ್ಲಿ ನಡೆಯುವ ಹಾಗೇ ಸಾಗುತ್ತಿತ್ತು. ಬಾಸ್ ಮಾತ್ರ ಬೇರೆ ರಾಗ ತೆಗೆದ. “ಅದರಲ್ಲಿ ನನಗೊಂದು ಒಳ್ಳೇ ಲೈನ್ ಇತ್ತು ಮಾರಾಯ,” ಅಂದ. ನಾನು ತಕ್ಷಣ ಅವನ ಪಕ್ಷ ಸೇರಿದೆ. ಅದು ನಾಲ್ಕು ದನಿಗಳ ಹಾಡು, ಹಾರ್ನ್‌ಗೂ ಉದ್ದುದ್ದ ಸ್ವರಗಳಿವೆ. ದೇಶದ ವಿಚಾರ ದೊಡ್ಡವರಿಗೆ ಬಿಟ್ಟದ್ದು, ನಮ್ಮ ಮತ ಹೀಗೇ ಬೀಳುವುದು.

ಮಧ್ಯಾಹ್ನ ಹಾಲ್‌ನಲ್ಲಿ ವಾದ್ಯ ಹೊರಗೆ ಬಂದವು. ವಾಲ್ವ್‌ಗಳಿಗೆ ಎಣ್ಣೆ ಬಿಟ್ಟು ಒತ್ತಿ ಒತ್ತಿ ನೋಡಿದ್ದೇ ನೋಡಿದ್ದು. ಟ್ರಂಪೆಟ್‌ಗೆ ಈಗ ಹಲ್ಲಿನ ಸೆಟ್. ಊದಿದರೆ ಸೆಟ್ ಅಲ್ಲಾಡುತ್ತದೆ, ಸ್ವರ ನಿಲ್ಲುವುದಿಲ್ಲ. ಒಂದು ಕಾಲದಲ್ಲಿ ಸೋಲೋ ಅಂದರೆ ಇವನೇ ಅನ್ನಿಸಿಕೊಂಡವನು ಸುಮ್ನೆ ಹೋಗಿ ಬಾಸ್ ಡ್ರಮ್ ಹೆಗಲಿಗೆ ಹಾಕಿಕೊಂಡ. ಯಾರೂ ಏನೂ ಕೇಳಲಿಲ್ಲ. ಉಳಿದ ನಮಗೂ ತುಟಿ ಎಲ್ಲಿದೆ? ದಿನಾ ಊದದಿದ್ದರೆ ಕೆಲವೇ ವಾರಗಳಲ್ಲಿ ತುಟಿಯ ಕಸುವು ಹೋಗುತ್ತದೆ, ನಾವಂತೂ ಬಿಟ್ಟು ವರ್ಷಗಳೇ ಆಗಿವೆ.

ಸೈಡ್ ಡ್ರಮ್ ರೋಲ್ ಕೊಟ್ಟ. ಕುರ್ಚಿಯಲ್ಲಿ ಕೂತಿದ್ದ ಎಲ್ಲರ ಎಡಗಾಲೂ ಒಟ್ಟಿಗೆ ಎದ್ದಿತು. ‘ಸಾರೇ ಜಹಾಂ ಸೇ ಅಚ್ಛಾ’, ವಿಜಯ್ ಚೌಕ್‌ನಿಂದ ಬ್ಯಾಂಡ್‌ಗಳು ವಾಪಸ್ ನಡೆಯುವಾಗ ನುಡಿಸುವ ಮಾರ್ಚ್. ಟ್ರಂಪೆಟ್ ಇಲ್ಲ, ಪಿಕೊಲೊ ಅನ್ನುವ ಪುಟ್ಟ ಕೊಳಲೂ ಇಲ್ಲ. ರಾಗವೆಲ್ಲ ಎರಡು ಕ್ಲಾರಿನೆಟ್ ಮೇಲೆ. ಬಾಸ್ ಅಂದ, ನಾನು ಅಂದೆ. ಎರಡನೇ ಸುತ್ತಿಗೆ ಬಾಯಿ ಜುಮುಗುಟ್ಟತೊಡಗಿ ಅರ್ಧ ಸ್ವರ ಗಾಳಿಯಾಗಿಯೇ ಹೋಯಿತು, ಆದರೆ ಬೆರಳು ಎಲ್ಲೂ ತಡವರಿಸಲಿಲ್ಲ.

ನಿಂತಾಗ ಹೆಂಡತಿ ಬಾಗಿಲ ಹತ್ತಿರದಿಂದಲೇ ಕೇಳಿದಳು, “ಓ, ನೀವು ಮನೇಲಿ ಪ್ಪ ಪ್ಪ ಅಂತಿದ್ದಿದ್ದು ಇದಕ್ಕೇನಾ? ಮೊದಲೇ ಹೇಳಬಾರದಿತ್ತಾ?” ಹೇಗೆ ಹೇಳುವುದು? ಬಾಸ್‌ನನ್ನೂ ಮನೆಗೆ ಕರೆತರಬೇಕಿತ್ತಲ್ಲ. ಅವನದೂ ಇದೇ ಗೋಳು. ಮೊಮ್ಮಗಳು ಹಾಡು ಗುರುತು ಹಿಡಿಯಲಿ ಅಂತ ತನ್ನ ಭಾಗವನ್ನು ಪೂರ್ತಿ ಹಾಡಿ ತೋರಿಸಿದನಂತೆ, ಅವಳು “ಆನೆ ನಡೀತಾ ಇದೆ” ಅಂದಳಂತೆ.

ಊಟಕ್ಕೆ ಇಸ್ವಾಣ್ ಫ್ರೈ, ಸೋಲ್ ಕಡಿ. ಮುಂದಿನ ವರ್ಷ ಕೊಚ್ಚಿ ಅಂತ ಅಲ್ಲೇ ನಿರ್ಧಾರವಾಯಿತು. ತ್ರಿಶೂರಿನಲ್ಲಿ ಒಬ್ಬ ಪಿಕೊಲೊ ಇದ್ದಾನೆ, ಎಷ್ಟು ಸಲ ಮಾಡಿದರೂ ಫೋನ್ ಎತ್ತುವುದಿಲ್ಲ. ಮನೆಗೇ ಹೋಗಿ ಎಳೆದು ತರುವ ಕೆಲಸವನ್ನು ಬಾಸ್‌ಗೆ ವಹಿಸಿದ್ದೇವೆ. ಟ್ರಂಪೆಟ್ ಹಲ್ಲು ಇಂಪ್ಲಾಂಟ್ ಮಾಡಿಸುವುದಕ್ಕೆ ಎಷ್ಟಾಗುತ್ತದೆ ಅಂತ ವಿಚಾರಿಸುತ್ತಿದ್ದಾನೆ.