ಕ್ಯಾಮ್ರಿ ಮಾರಿದ್ದು

ಊರಿಗೆ ವಾಪಸ್ ಹೊರಡುವುದು ಗಟ್ಟಿಯಾದ ಮೇಲೆ ಸೋಫಾ, ಟಿವಿ, ಮಗಳ ಸೈಕಲ್ಲು ಎಲ್ಲ ಬೇಗ ಬೇಗ ಖಾಲಿಯಾದವು. ಉಳಿದದ್ದು ಕಾರು. ಡೀಲರ್ ಹೇಳಿದ ರೇಟು ಕೇಳಿ ಹೊಟ್ಟೆ ಉರಿದು, ನಾನೇ ಆನ್‌ಲೈನಿನಲ್ಲಿ ಜಾಹೀರಾತು ಹಾಕಿದೆ: 2017ರ ಟೊಯೋಟಾ ಕ್ಯಾಮ್ರಿ, ಒಬ್ಬರೇ ಓನರ್, 13,500 ಡಾಲರ್. ನಾವಿದ್ದದ್ದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ.

ಮೊದಮೊದಲು ಬಂದ ಮೆಸೇಜುಗಳಲ್ಲಿ ಒಂದು ಹಳೇ ವರಸೆಯದು. ‘ಬೇರೆ ರಾಜ್ಯದಲ್ಲಿದ್ದೇನೆ, 16,000ಕ್ಕೆ ಕ್ಯಾಷಿಯರ್ಸ್ ಚೆಕ್ ಕಳಿಸುತ್ತೇನೆ, ನಿಮ್ಮದು ಇಟ್ಟುಕೊಂಡು ಮಿಕ್ಕಿದ್ದನ್ನು ಗಾಡಿ ಸಾಗಿಸುವವನಿಗೆ ಕಳಿಸಿಬಿಡಿ.’ ಕಾರು ನೋಡದೆಯೇ ಹೆಚ್ಚಿಗೆ ದುಡ್ಡು ಕೊಡುವ ಪುಣ್ಯಾತ್ಮ! ಡಿಲೀಟ್ ಮಾಡಿದೆ.

ನಮ್ಮ ಕಡೆಯವರಿಗೆ ಕ್ಯಾಷಿಯರ್ಸ್ ಚೆಕ್ ಅಂದರೆ ಥಟ್ಟನೆ ನೆನಪಾಗುವುದು ಡಿಡಿ. ಸಿಇಟಿ ಕೌನ್ಸೆಲಿಂಗಿಗೆಂದು ಬ್ಯಾಂಕಿನಲ್ಲಿ ಕ್ಯೂ ನಿಂತು ಡಿಡಿ ತೆಗೆಸಿದವರು ನಾವು. ಡಿಡಿ ಕೈಗೆ ಬಂತೆಂದರೆ ದುಡ್ಡೇ ಬಂದಂತೆ. ಇದೂ ಅದೇ ಜಾತಿಯದು. ಬ್ಯಾಂಕು ಮೊದಲೇ ಹಣ ತೆಗೆದುಕೊಂಡು ತನ್ನ ಮೇಲೆ ತಾನೇ ಬರೆದು ಕೊಡುವ ಚೆಕ್ಕು. ಖಾತೆಯಲ್ಲಿ ದುಡ್ಡಿಲ್ಲ ಎಂದು ವಾಪಸಾಗುವ ಪ್ರಶ್ನೆಯೇ ಇಲ್ಲ, ಚೆಕ್ಕು ಅಸಲಿಯಾಗಿದ್ದರೆ. ಒಳ್ಳೆಯ ಪ್ರಿಂಟರ್ ಇದ್ದವನಿಗೆ ಅಸಲಿಯಂಥದ್ದು ಮಾಡುವುದೇನೂ ಕಷ್ಟವಲ್ಲ.

ಪೇಚು ಬೇರೆ ಕಡೆ ಇದೆ. ಹಿಂದೆ ಅಮೆರಿಕದ ಬ್ಯಾಂಕುಗಳು ಗ್ರಾಹಕರ ಚೆಕ್ಕಿನ ಹಣವನ್ನು ದಿನಗಟ್ಟಲೆ ತಡೆಹಿಡಿಯುತ್ತಿದ್ದವು. ಅದನ್ನು ತಪ್ಪಿಸಲೆಂದು 1987ರಲ್ಲಿ ಒಂದು ಕಾನೂನು ಬಂತು. ಅದರ ಪ್ರಕಾರ, ನಿಮ್ಮ ಹೆಸರಿನ ಕ್ಯಾಷಿಯರ್ಸ್ ಚೆಕ್ಕನ್ನು ನೀವೇ ಕೌಂಟರಿಗೆ ಹೋಗಿ ಕಟ್ಟಿದರೆ ಸಾಮಾನ್ಯವಾಗಿ ಬ್ಯಾಂಕಿನ ಮುಂದಿನ ಕೆಲಸದ ದಿನವೇ ಹಣ ಬಳಕೆಗೆ ಸಿಗಬೇಕು. ಮೊತ್ತ ದೊಡ್ಡದಾದರೆ ಒಂದು ಮಿತಿಯ ಮೇಲಿನದನ್ನು ಬ್ಯಾಂಕು ಇನ್ನಷ್ಟು ದಿನ ತಡೆಯಬಹುದು. 2025ರ ಜುಲೈನಿಂದ ಆ ಮಿತಿ 6,725 ಡಾಲರ್. ಜನರ ಅನುಕೂಲಕ್ಕೆ ಮಾಡಿದ ಈ ಕಾನೂನಿನ ಸಂದಿಯಲ್ಲೇ ಮೋಸಗಾರ ನುಸುಳುವುದು. ಖಾತೆಯಲ್ಲಿ ಅಂಕಿ ಕಾಣಿಸಿತು ಅಂದರೆ ಬ್ಯಾಂಕು ನಂಬಿ ಮುಂಗಡ ಕೊಟ್ಟಿದೆ ಅಂತಷ್ಟೇ ಅರ್ಥ. ಚೆಕ್ಕು ನಕಲಿ ಎಂದು ವಾಪಸು ಬರಲು ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ, ಆಗ ಅಷ್ಟೂ ಹಣವನ್ನು ನಿಮ್ಮ ಖಾತೆಯಿಂದಲೇ ಕಿತ್ತುಕೊಳ್ಳುತ್ತಾರೆ. ಗೆಳೆಯನೊಬ್ಬನ ಸಹೋದ್ಯೋಗಿಗೆ ಹೀಗೇ ಆಯಿತು: ಬ್ಯಾಲೆನ್ಸ್ ನೋಡಿಕೊಂಡೇ ಬೈಕಿನ ಕೀ ಕೊಟ್ಟಿದ್ದ, ಆಮೇಲೆ ಖಾತೆ ಮೈನಸ್‌ಗೆ ಹೋಯಿತು. ಅಷ್ಟರಲ್ಲಿ ಬೈಕು ಇನ್ಯಾರಿಗೋ ಮಾರಾಟವಾಗಿತ್ತು. ಏನೂ ಅರಿಯದೆ ನ್ಯಾಯವಾಗಿ ದುಡ್ಡು ಕೊಟ್ಟು ಕೊಂಡವನ ಹಕ್ಕನ್ನು ಅಲ್ಲಿನ ವ್ಯಾಪಾರ ಕಾನೂನು ಕಾಯುತ್ತದೆ. ಮೊದಲು ಮಾರಿದವನಿಗೆ ಕೊಟ್ಟ ಚೆಕ್ಕು ಸುಳ್ಳಾಗಿದ್ದರೂ ಸರಿಯೇ. ಇದು ನನಗೆ ಇವತ್ತಿಗೂ ಜೀರ್ಣವಾಗದ ಸಂಗತಿ.

ಇದೆಲ್ಲ ತಲೆಯಲ್ಲಿದ್ದಾಗಲೇ ಒಂದು ಶನಿವಾರ ಸಂಜೆ ಒಬ್ಬ ಬಂದ. ಒಳ್ಳೆಯ ಮಾತು, ಒಳ್ಳೆಯ ಶರ್ಟು. ಬಾನೆಟ್ ಎತ್ತಿಸಲಿಲ್ಲ, ಟೆಸ್ಟ್ ಡ್ರೈವ್ ಹೆಸರಿಗೊಂದು ಸುತ್ತು, ಚೌಕಾಸಿ ಮಾಡಲೇ ಇಲ್ಲ. ಸೀದಾ ಲಕೋಟೆ ತೆಗೆದ. ನನ್ನ ಹೆಸರು, 13,500, ಕೆಳಗೆ ಸಹಿ, ಕಾಗದ ದಪ್ಪ. ‘ಬ್ಯಾಂಕಿಗೆ ಕೇಳಬೇಕಲ್ಲ’ ಅಂದೆ. ‘ಇದರಲ್ಲೇ ನಂಬರ್ ಇದೆ, ಈಗಲೇ ಮಾಡಿ’ ಅಂದ. ನಾನು ಫೋನಿನಲ್ಲಿ ಆ ಬ್ಯಾಂಕಿನ ವೆಬ್‌ಸೈಟ್ ತೆಗೆದು ಅದೇ ಶಾಖೆಯ ನಂಬರ್ ನೋಡಿದೆ. ಬೇರೆ ಇತ್ತು. ಅದಕ್ಕೆ ಕರೆ ಮಾಡಿದರೆ ಸೋಮವಾರ ತೆರೆಯುತ್ತೇವೆ ಎಂಬ ಟೇಪು.

ಚೆಕ್ಕು ಅಸಲಿಯೇ ಇದ್ದಿರಬಹುದು. ಎದುರಿಗೆ ನಿಂತವನನ್ನು ಅನುಮಾನಿಸುವುದು ನಮಗೆ ಸಂಕೋಚದ ಕೆಲಸ, ದಾಕ್ಷಿಣ್ಯಕ್ಕೆ ಸಿಕ್ಕಿಬೀಳುವವರೇ ಜಾಸ್ತಿ. ನಾನು ಇನ್ನೇನು ‘ಪರವಾಗಿಲ್ಲ’ ಅನ್ನುವವನಿದ್ದೆನೋ ಏನೋ, ಬಾಗಿಲ ಹತ್ತಿರವೇ ನಿಂತಿದ್ದ ಹೆಂಡತಿ ಕನ್ನಡದಲ್ಲಿ, ‘ರೀ, ಸೋಮವಾರ ಬ್ಯಾಂಕಲ್ಲೇ ಸಿಗೋಣ ಅನ್ನಿ, ಅಷ್ಟೇ’ ಅಂದಳು. ಹಾಗೇ ಹೇಳಿದೆ. ಅವನಿಗೆ ಅವತ್ತೇ ಕಾರು ಬೇಕಿತ್ತಂತೆ. ಲಕೋಟೆ ಜೇಬಿಗೆ ಸೇರಿಸಿ ಹೋದ.

ಕಾರು ಕೊನೆಗೆ ಹೋದದ್ದು ಒಬ್ಬ ನರ್ಸಮ್ಮನಿಗೆ, ಕಾಲೇಜಿಗೆ ಹೋಗುವ ಮಗನಿಗೆಂದು. ಆಕೆ ಮೆಕ್ಯಾನಿಕ್ಕನ್ನು ಕರೆತಂದು, ಟೈರು ಮುಟ್ಟಿ ನೋಡಿ, ಬಾನೆಟ್ ಸಂದಿಯಲ್ಲಿದ್ದ ಆಯುಧಪೂಜೆಯ ಕುಂಕುಮವನ್ನು ತುಕ್ಕು ಅಂದುಕೊಂಡು ಉಗುರಿನಿಂದ ಕೆರೆದು, ಐನೂರು ಡಾಲರ್ ಇಳಿಸಿದರು. ‘ಚೆಕ್ಕನ್ನು ನಿಮ್ಮ ಬ್ಯಾಂಕಿನಲ್ಲಿ ನನ್ನ ಎದುರೇ ಮಾಡಿಸುತ್ತೀರಾ?’ ಅಂದೆ. ‘ನಾನಾಗಿದ್ದರೂ ಹಾಗೇ ಕೇಳುತ್ತಿದ್ದೆ’ ಅಂದರು.

ಕೌಂಟರಿನಾಚೆ ಹುಡುಗಿ ಆಕೆಯ ಲೈಸೆನ್ಸ್ ನೋಡಿದಳು, ನನ್ನ ಹೆಸರಿನ ಸ್ಪೆಲಿಂಗ್ ಕೇಳಿ ಟೈಪ್ ಮಾಡಿದಳು. ನಮ್ಮ ಹೆಸರುಗಳ ಉದ್ದ ಗೊತ್ತಲ್ಲ, ಅದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು. ಪ್ರಿಂಟರ್ ಕರಕರ ಅಂದು ಚೆಕ್ಕು ಹೊರಬಂತು. ಮ್ಯಾನೇಜರ್ ಬಂದು ಇನ್ನೊಂದು ಸಹಿ ಹಾಕಿದ. ಆ ಕಾಗದ ಆಕೆಯ ಕೈಯಿಂದ ನನ್ನ ಕೈಗೆ ಬಂದ ಮೇಲೆಯೇ ನಾನು ಟೈಟಲ್, ಅಂದರೆ ಕಾರಿನ ಮಾಲೀಕತ್ವದ ಪತ್ರ, ಬಿಚ್ಚಿ, ಓಡೋಮೀಟರ್ ರೀಡಿಂಗ್ ತುಂಬಿ ಸಹಿ ಮಾಡಿದ್ದು. ಟೋಲ್ ಕಟ್ಟುವ ಫಾಸ್‌ಟ್ರ್ಯಾಕ್ ಟ್ಯಾಗನ್ನು ಗಾಜಿನಿಂದ ಕೀಳಲು ಉಗುರು ಸಾಲದೆ ಮನೆಯ ಕೀ ಬೇಕಾಯಿತು. ಅದನ್ನು ಕಾರಿನಲ್ಲೇ ಬಿಟ್ಟುಬಿಟ್ಟರೆ ಆಮೇಲೆ ಟೋಲ್ ಎಲ್ಲ ನನ್ನ ಲೆಕ್ಕಕ್ಕೆ. ಕಾರು ಕೈಬಿಟ್ಟಿದ್ದೇನೆ ಎಂದು ಡಿಎಂವಿಗೆ (ನಮ್ಮ ಆರ್‌ಟಿಓ ಇದ್ದಂತೆ) 5 ದಿನದೊಳಗೆ ತಿಳಿಸುವುದೂ ಅಷ್ಟೇ ಮುಖ್ಯ, ಇಲ್ಲದಿದ್ದರೆ ಪಾರ್ಕಿಂಗ್ ದಂಡದ ಚೀಟಿಗಳು ನಿಮ್ಮನ್ನೇ ಹುಡುಕಿಕೊಂಡು ಬರುತ್ತವೆ.

ಇಷ್ಟೆಲ್ಲ ಕಣ್ಣಾರೆ ಕಂಡು ಕಟ್ಟಿದ ಚೆಕ್ಕನ್ನೂ ನನ್ನ ಬ್ಯಾಂಕು ಪೂರ್ತಿ ನಂಬಲಿಲ್ಲ. ಒಂದಷ್ಟು ಬಿಟ್ಟು ಮಿಕ್ಕಿದ್ದನ್ನು ಮುಂದಿನ ವಾರದವರೆಗೆ ತಡೆಹಿಡಿಯಿತು. ಕೌಂಟರಿನವ ಕ್ಷಮೆ ಕೇಳಲು ಬಂದ. ‘ಇಟ್ಟುಕೊಳ್ಳಿ, ಇಟ್ಟುಕೊಳ್ಳಿ’ ಅಂದೆ.