ಮಂಡಿಯ ನೀರಿನ ಜೊತೆ ಪೇಷಂಟಿನ ಕತೆಯನ್ನೂ ಕಳಿಸಿ

ಉಡುಪಿಯ ಒಂದು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ನಾನು ಟೆಕ್ನಿಶಿಯನ್. ಮಂಡಿಯಂಥ ಊದಿದ ಗಂಟಿಗೆ (ಕೀಲಿಗೆ) ಸೂಜಿ ಹಾಕಿ ತೆಗೆದ ನೀರು ನಮ್ಮ ಮೇಜಿಗೆ ಬರುತ್ತದೆ. ಜೊತೆಗೊಂದು ಚೀಟಿ. ಅದರಲ್ಲಿ ಹೆಸರು, ವಯಸ್ಸು, ಕಲ್ಚರ್ (ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಎಂಬ ಒಂದು ಪದ. ಹೆಚ್ಚಿನ ಸಲ ಅಷ್ಟೇ. ಉಳಿದ ಜಾಗ ಖಾಲಿ. ಆ ಖಾಲಿ ಜಾಗದಲ್ಲಿ ಏನಿರಬೇಕು ಎಂಬುದೇ ಈ ಕೆಲಸದಲ್ಲಿ ನಾನು ಕಲಿತ ಮುಖ್ಯ ವಿಷಯ.

ಗಂಟು ಊದಿದರೆ ನಮ್ಮ ಕಡೆ ಮೊದಲು ಬರುವ ಮಾತು ವಾತ. ಎಣ್ಣೆ ತಿಕ್ಕುತ್ತಾರೆ, ಶಾಖ ಕೊಡುತ್ತಾರೆ, ಮೆಡಿಕಲಿನಿಂದ ನೋವಿನ ಮಾತ್ರೆ ತರುತ್ತಾರೆ. ಎಷ್ಟೋ ಸಲ ಅದು ಬರೀ ಸವೆತ ಇರಬಹುದು. ಆದರೆ ಒಂದೇ ಗಂಟು ಒಂದೆರಡು ದಿನದಲ್ಲಿ ಊದಿ, ಬಿಸಿಯಾಗಿ, ಕಾಲು ಊರಲಿಕ್ಕೇ ಆಗದಿದ್ದರೆ ಒಳಗೆ ಬ್ಯಾಕ್ಟೀರಿಯಾ ಇದೆಯಾ ಅಂತ ಮೊದಲು ನೋಡಬೇಕು. ಕೀವು ತುಂಬಿದ ಗಂಟಿನಲ್ಲಿ ಕಾರ್ಟಿಲೇಜ್, ಅಂದರೆ ಮೂಳೆಯ ತುದಿಯ ನುಣುಪಾದ ಹೊದಿಕೆ, ಕೆಲವೇ ದಿನಗಳಲ್ಲಿ ಹಾಳಾಗುತ್ತದೆ. ಅದನ್ನು ಹಾಳು ಮಾಡುವುದು ಬ್ಯಾಕ್ಟೀರಿಯಾ ಒಂದೇ ಅಲ್ಲ. ಅದನ್ನು ಕೊಲ್ಲಲು ನುಗ್ಗಿದ ನಮ್ಮದೇ ಬಿಳಿ ರಕ್ತಕಣಗಳು ಬಿಡುವ ಕಿಣ್ವಗಳೂ ಕಾರ್ಟಿಲೇಜನ್ನು ಕರಗಿಸುತ್ತವೆ. ಮೂಳೆಯೊಳಗೆ ಸೋಂಕು ಹೊಕ್ಕರೆ ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳೂ ಚುರುಕಾಗುತ್ತವೆ.

ನೀರು ಬಂದ ಕೂಡಲೇ ಬಿಳಿ ಕಣ ಎಣಿಸುತ್ತೇವೆ. ಒಂದು ಘನ ಮಿಲಿಮೀಟರಿನಲ್ಲಿ 50,000 ದಾಟಿದರೆ ಸಂಶಯ ಗಟ್ಟಿ. ಕಡಿಮೆ ಇದ್ದರೆ ಸೋಂಕಿಲ್ಲ ಎನ್ನುವ ಹಾಗಿಲ್ಲ. ಗೌಟಿನ (ಯೂರಿಕ್ ಆಸಿಡ್‌ನಿಂದ ಗಂಟು ಊದುವ ಕಾಯಿಲೆಯ) ಹರಳು ಕಂಡಿತು ಅಂತ ಸುಮ್ನೆ ಕೂರುವ ಹಾಗೂ ಇಲ್ಲ, ಎರಡೂ ಒಟ್ಟಿಗೇ ಇರಬಹುದು. ಸ್ಲೈಡಿಗೆ ಬಣ್ಣ ಹಾಕಿ ಬ್ಯಾಕ್ಟೀರಿಯಾ ನೋಡುವ ಗ್ರಾಂ ಸ್ಟೈನಿನಲ್ಲಂತೂ ಸುಮಾರು ಅರ್ಧದಷ್ಟು ಕೇಸುಗಳಲ್ಲಿ ಏನೂ ಕಾಣುವುದಿಲ್ಲ. ಹಾಗಾಗಿ ಕಲ್ಚರೇ ಬೇಕು. ಅದಕ್ಕೂ ಮೊದಲೇ ಆಂಟಿಬಯಾಟಿಕ್ ಹೋಗಿದ್ದರೆ ಪ್ಲೇಟಿನಲ್ಲಿ ಬೆಳೆಯಬೇಕಾದದ್ದು ಬೆಳೆಯದೇ ಇರಬಹುದು.

ಜಗತ್ತಿನಲ್ಲೆಲ್ಲ ಗಂಟಿನ ಸೋಂಕಿಗೆ ಮೊದಲ ಹೆಸರು ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ನಮ್ಮ ಕರಾವಳಿಯಲ್ಲಿ ಇನ್ನೊಂದನ್ನು ಮರೆಯಬಾರದು, ಬರ್ಕ್‌ಹೋಲ್ಡೇರಿಯಾ ಸ್ಯೂಡೋಮಲೈ. ಅದರಿಂದ ಬರುವ ಕಾಯಿಲೆ ಮೆಲಿಯಾಯ್ಡೋಸಿಸ್. ವಿಟ್‌ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು 1912ರಲ್ಲಿ ಬರ್ಮಾದ ರಂಗೂನಿನ ರೋಗಿಗಳಲ್ಲಿ ಇದನ್ನು ವಿವರಿಸಿದ್ದರು. ಇದು ಮಣ್ಣು, ನೀರಿನಲ್ಲಿ ಬದುಕುತ್ತದೆ. ಮಳೆಗಾಲದಲ್ಲಿ ಕೇಸು ಜಾಸ್ತಿ. ಗದ್ದೆಗೆ ಬರಿಗಾಲಲ್ಲಿ ಇಳಿಯುವವರಿಗೆ ಕಾಲಿನ ಸಣ್ಣ ಗಾಯವೇ ಸಾಕು. ಶುಗರ್ ಇದ್ದರೆ ಅಪಾಯ ಇನ್ನೂ ಹೆಚ್ಚು. ಶ್ವಾಸಕೋಶಕ್ಕೂ ಹೋಗುತ್ತದೆ, ಗಂಟು ಮೂಳೆಗೂ ಇಳಿಯುತ್ತದೆ.

ಇಲ್ಲಿ ಲ್ಯಾಬಿನವರ ಕಣ್ಣು ಚುರುಕಾಗಿರಬೇಕು. ಸ್ಲೈಡಿನಲ್ಲಿ ಎರಡು ತುದಿಗೆ ಬಣ್ಣ ಹಿಡಿದು ಸೇಫ್ಟಿ ಪಿನ್ನಿನ ಹಾಗೆ ಕಾಣುತ್ತದೆ. ಪ್ಲೇಟಿನಲ್ಲಿ ಮೊದಲ ದಿನ ಚುಕ್ಕಿ ಚುಕ್ಕಿ, ಎರಡು ಮೂರು ದಿನ ಬಿಟ್ಟರೆ ಒಣಗಿ ಸುಕ್ಕುಗಟ್ಟುತ್ತದೆ. ಬೇರೆ ಯಾವುದೋ ಸ್ಯೂಡೋಮೊನಾಸ್, ಹೊರಗಿನಿಂದ ಸೇರಿಕೊಂಡದ್ದು ಅಂತ ಬಿಟ್ಟುಬಿಡುವುದು ಬಹಳ ಸುಲಭ. ಆಕ್ಸಿಡೇಸ್ ಎಂಬ ಕಿಣ್ವದ ಪರೀಕ್ಷೆ ಪಾಸಿಟಿವ್ ಬಂದು, ಜೆಂಟಾಮೈಸಿನ್, ಪಾಲಿಮಿಕ್ಸಿನ್ ಎಂಬ ಆಂಟಿಬಯಾಟಿಕ್‌ಗಳಿಗೆ ಬಗ್ಗದೆ, ಅಮಾಕ್ಸಿಕ್ಲಾವ್‌ಗೆ ಬಗ್ಗಿದರೆ ನಾವು ಅಲ್ಲೇ ನಿಲ್ಲುತ್ತೇವೆ. ಪ್ಲೇಟು ಸೇಫ್ಟಿ ಕ್ಯಾಬಿನೆಟ್ಟಿಗೆ ಹೋಗುತ್ತದೆ, ವಾರ್ಡಿಗೆ ಫೋನ್ ಹೋಗುತ್ತದೆ.

"ಡಾಕ್ಟ್ರೇ, ಪೇಷಂಟ್ ಏನು ಕೆಲಸ ಮಾಡ್ತಾರೆ? ಶುಗರ್ ಉಂಟಾ?"

"ಗದ್ದೆ ಕೆಲಸ ಮೇಡಂ. ಶುಗರ್ ಉಂಟು, ಮಾತ್ರೆ ಬಿಟ್ಟಿದ್ರಂತೆ."

ಇಂಥ ಎರಡು ಸಾಲು ಚೀಟಿಯಲ್ಲೇ ಇದ್ದರೆ ನಾವು ಮೊದಲ ದಿನದಿಂದಲೇ ಅದಕ್ಕೆ ಬೇಕಾದ ಆಶ್‌ಡೌನ್ ಪ್ಲೇಟ್ ಹಾಕಿ, ಹೆಚ್ಚು ದಿನ ಇಟ್ಟು ನೋಡುತ್ತೇವೆ. ಈ ಕಾಯಿಲೆಯ ಮದ್ದೇ ಬೇರೆ, ಅವಧಿಯೂ ಬೇರೆ. ವಾರಗಟ್ಟಲೆ ಡ್ರಿಪ್ಪಿನಲ್ಲಿ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್, ಆಮೇಲೆ ತಿಂಗಳುಗಟ್ಟಲೆ ಕೋಟ್ರೈಮಾಕ್ಸಜೋಲ್ ಮಾತ್ರೆ. ನಡುವೆ ನಿಲ್ಲಿಸಿದರೆ ಮರಳಿ ಬರುತ್ತದೆ.

ದನ ಸಾಕುವವರ, ಹಸಿ ಹಾಲು ಕುಡಿಯುವವರ ಗಂಟಿಗೆ, ಸೊಂಟಕ್ಕೆ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ ಬರಬಹುದು. ಅದು ನಿಧಾನಕ್ಕೆ ಬೆಳೆಯುತ್ತದೆ, ಉಸಿರಿನಿಂದ ಲ್ಯಾಬಿನವರಿಗೂ ಅಂಟುತ್ತದೆ. ಅದನ್ನು ಮುಂಚೆಯೇ ತಿಳಿಸುವುದು ನಮ್ಮ ಜೀವಕ್ಕೂ ಒಳ್ಳೆಯದು, ಅಲ್ವಾ?

ಕಲ್ಚರಿನಲ್ಲಿ ಏನೂ ಬೆಳೆಯದಿದ್ದಾಗಲೂ ಕತೆ ಬೇಕು. ಸಾಲ್ಮೊನೆಲ್ಲಾ, ಶಿಗೆಲ್ಲಾದಂಥವುಗಳಿಂದ ಬೇಧಿಯಾಗಿ ಒಂದರಿಂದ ನಾಲ್ಕು ವಾರದೊಳಗೆ ಕೆಲವರ ಮಂಡಿ, ಹಿಮ್ಮಡಿ ಊದುತ್ತದೆ. ಕ್ಲಮೈಡಿಯಾದಿಂದ ಮೂತ್ರನಾಳದ ಸೋಂಕಾದ ಮೇಲೂ ಹಾಗೆಯೇ. ಸೋಂಕು ಆದದ್ದು ಬೇರೆ ಕಡೆ, ಉರಿಯೂತ ಗಂಟಿನಲ್ಲಿ. ಎಚ್‌ಎಲ್‌ಎ ಬಿ27 ಜೀನ್ ಇರುವವರಲ್ಲಿ ಇದು ಹೆಚ್ಚು. ಪ್ಲೇಟಿನಲ್ಲಿ ಏನೂ ಬರುವುದಿಲ್ಲ. ಬೇಧಿಯ ಸುದ್ದಿ ಗೊತ್ತಿದ್ದ ಡಾಕ್ಟರಿಗೆ ಮಾತ್ರ ಅದು ರಿಯಾಕ್ಟಿವ್ ಆರ್ಥ್ರೈಟಿಸ್ ಇರಬಹುದು ಅಂತ ಹೊಳೆಯುತ್ತದೆ.

ವಾರ್ಡಿನ ಗೆಳೆಯರಲ್ಲಿ ನಾನು ಕೇಳುವುದು ಇಷ್ಟು. ಪೇಷಂಟ್ ತೀರಾ ಸುಸ್ತಾಗಿ ಅಪಾಯದಲ್ಲಿ ಇಲ್ಲದಿದ್ದರೆ ಮೊದಲು ನೀರು ತೆಗೆಯಿರಿ, ಆಮೇಲೆ ಇಂಜೆಕ್ಷನ್. ನೀರಿನ ಒಂದು ಪಾಲನ್ನು ಬ್ಲಡ್ ಕಲ್ಚರ್ ಬಾಟಲಿಗೂ ಹಾಕಿ, ಬೆಳೆಯುವ ಸಾಧ್ಯತೆ ಹೆಚ್ಚುತ್ತದೆ. ಚೀಟಿಯಲ್ಲಿ ಕೆಲಸ, ಶುಗರ್, ದನ, ಇತ್ತೀಚಿನ ಬೇಧಿ ಜ್ವರ, ಮೊದಲೇ ತಗೊಂಡ ಮಾತ್ರೆ ಬರೆಯಿರಿ. ಮನೆಯವರೂ ಅಷ್ಟೇ, ಡಾಕ್ಟರು ಕೇಳದಿದ್ದರೂ ಇವನ್ನು ಹೇಳಿ. ಮೆಡಿಕಲಿನಿಂದ ತಂದ ಮಾತ್ರೆಯ ಖಾಲಿ ಪಟ್ಟಿ ಇದ್ದರೆ ಅದನ್ನೂ ಜೊತೆಗೆ ತನ್ನಿ.