ಹೆರಕಲ್‌ನ ಕೆಸರು, ಅಘನಾಶಿನಿಯ ಕೆಸರು

ಬೇಸಿಗೆಯಲ್ಲಿ ಹೆರಕಲ್ ಹತ್ತಿರ ಆಲಮಟ್ಟಿ ಹಿನ್ನೀರು ಇಳಿದಾಗ ಬಾಗಲಕೋಟೆಯಿಂದ ಬೈಕ್‌ನಲ್ಲಿ ಹೋಗಿ ಸುಮ್ನೆ ಕೂತು ಕೆಸರು ನೋಡುತ್ತೇನೆ. ನನಗದು ತುಂಬಾ ಇಷ್ಟ. ಇಲ್ಲಿ ನೀರು ಇಳಿಯಲು ತಿಂಗಳುಗಳೇ ಬೇಕು.

ಹೋದ ವರ್ಷ ಕುಮಟಾ ಕಡೆ ಅಘನಾಶಿನಿ ಅಳಿವೆಗೆ ಹೋಗಿದ್ದೆ. ಅಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ! ಇಳಿತದಲ್ಲಿ ಬೆರಳಿಂದ ಕೆದಕಿದೆ. ಮೇಲೆ ಕಂದು, ಸ್ವಲ್ಪ ಕೆಳಗೆ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ನುಣ್ಣನೆ ಕೆಸರಿನೊಳಗೆ ಆಮ್ಲಜನಕ ಇಳಿಯುವುದಿಲ್ಲ, ಅಲ್ವಾ? ಅದಕ್ಕೇ ಹುಳುಗಳು ಬಿಲ ತೋಡಿ ಮೇಲಿನ ನೀರನ್ನು ಒಳಗೆ ಎಳೆದುಕೊಳ್ಳುತ್ತವೆ. ಮರಳು ಜಾಸ್ತಿ ಇದ್ದಲ್ಲಿ ನೀರು ಸಲೀಸಾಗಿ ಹರಿಯುತ್ತದೆ, ಅಲ್ಲಿನ ಜೀವಿಗಳೇ ಬೇರೆ. ಮಳೆಗಾಲದಲ್ಲಿ ಹೊಳೆನೀರು ನುಗ್ಗಿದರೆ ಉಪ್ಪು ತಗ್ಗುತ್ತದೆ. ತಾಳಲಾಗದವು ಸಾಯುತ್ತವೆ.

ಈಗ ಹೆರಕಲ್‌ನಲ್ಲೂ ಕೆದಕುತ್ತೇನೆ. ಮೊನ್ನೆ ಸಣ್ಣ ಬಸವನಹುಳುವಿನ ಚಿಪ್ಪು ಸಿಕ್ಕಿತು.